ಇಡೀ ಮನೆಯವರು ಒಂದೇ ದಿನದಲ್ಲಿ ಕೃಷಿ ಮೇಳ ನೋಡಿ ಬರಲಾದೀತೇ?

ಓದುಗರ ಪ್ರಶ್ನೆ: ನಾವು ಹಾಸನ ಜಿಲ್ಲೆಯ ಆಲೂರು ತಾಲೂಕಿನವರು. ಎರಡು ಎಕರೆಯಲ್ಲಿ ರಾಗಿ ಮತ್ತು ಶುಂಠಿ ಬೆಳೆಯುತ್ತೇವೆ, ಮನೆಯ ಹಿಂದೆ ಸ್ವಲ್ಪ ಅಡಿಕೆ ಇದೆ, ಎರಡು ಹಸು ಕರೆಯುತ್ತಿವೆ. ಈ ಸಲ ಬೆಂಗಳೂರಿನ ಕೃಷಿ ಮೇಳಕ್ಕೆ ಮನೆಯವರೆಲ್ಲ ಒಟ್ಟಿಗೆ ಹೋಗಬೇಕೆಂದು ಮಕ್ಕಳು ಹಟ ಹಿಡಿದಿದ್ದಾರೆ. ಮಕ್ಕಳಿಗೆ ಹನ್ನೊಂದು ಮತ್ತು ಏಳು ವರ್ಷ, ನಮ್ಮ ಅತ್ತೆಯವರಿಗೆ ಅರವತ್ತೆಂಟು. ಒಂದೇ ದಿನದಲ್ಲಿ ಹೋಗಿ ಬರುವುದರಿಂದ ನಿಜವಾದ ಪ್ರಯೋಜನವಿದೆಯೇ, ಅಥವಾ ಜನಜಂಗುಳಿಯಲ್ಲಿ ದಣಿದು ಬರುವುದಷ್ಟೇ ಆಗುತ್ತದೆಯೇ?

ಉತ್ತರ: ಖಂಡಿತ ಹೋಗಿ ಬನ್ನಿ. ಆದರೆ ಮೇಳವನ್ನು ಪೂರ್ತಿ ನೋಡಿ ಮುಗಿಸುತ್ತೇವೆ ಎಂಬ ಆಸೆಯನ್ನು ಮನೆಯಲ್ಲೇ ಬಿಟ್ಟು, ಅದರ ಬದಲು ಮನೆಯ ಪ್ರತಿಯೊಬ್ಬರೂ ತಮ್ಮ ಹೊಲ, ಕೊಟ್ಟಿಗೆ ಅಥವಾ ಅಡುಗೆಮನೆಗೆ ಸಂಬಂಧಿಸಿದ ಒಂದೊಂದು ಪ್ರಶ್ನೆಯನ್ನು ಕಟ್ಟಿಕೊಂಡು ಹೊರಡಬೇಕು. ಐದು ಜನ ಐದು ಉತ್ತರಗಳೊಂದಿಗೆ ಮರಳಿದರೆ ಆ ದಿನ ಸಾರ್ಥಕವಾಗುತ್ತದೆ. ಐದು ಜನರೂ ಐನೂರು ಮಳಿಗೆಗಳ ಮುಂದೆ ಹಾದು ಬಂದರೆ ಕಾಲುನೋವು ಮತ್ತು ಕೈಚೀಲದ ತುಂಬ ಕರಪತ್ರ ಮಾತ್ರ ಉಳಿಯುತ್ತವೆ. ಇದನ್ನು ನಾನು ನನ್ನ ಮನೆಯ ಅನುಭವದಿಂದಲೇ ಹೇಳುತ್ತಿದ್ದೇನೆ. ನಾವು ಮೊದಲ ಸಲ ಹೋದಾಗ ಬೆಳಗಿನಿಂದ ಸಂಜೆಯವರೆಗೆ ಒಂದು ಸಾಲನ್ನೂ ಬಿಡದೆ ನಡೆದೆವು, ಬೆಳೆ ತಾಕುಗಳ ಕಡೆಗೆ ಹೋಗುವ ಹೊತ್ತಿಗೆ ಬಿಸಿಲು ಇಳಿದು ಅಲ್ಲಿದ್ದ ವಿಜ್ಞಾನಿಗಳು ಹೊರಟುಹೋಗಿದ್ದರು. ಮಧ್ಯಾಹ್ನ ಒಂದು ಮಳಿಗೆಯಲ್ಲಿ ಸಮತಟ್ಟಾದ ಮೆದು ಮಣ್ಣಿನ ಮೇಲೆ ಸಲೀಸಾಗಿ ಓಡುತ್ತಿದ್ದ ಕಳೆ ತೆಗೆಯುವ ಯಂತ್ರವೊಂದನ್ನು ನೋಡಿ, ಮೇಳದ ರಿಯಾಯಿತಿ ಅಂದಿಗೇ ಮುಗಿಯುತ್ತದೆಂಬ ಮಾತು ಕೇಳಿ ಕೊಂಡುಕೊಂಡೆವು. ನಮ್ಮದು ಇಳಿಜಾರಿನ ಕಲ್ಲು ನೆಲ. ಅಲ್ಲಿ ಅದು ಹತ್ತು ಮಾರು ಓಡುವಷ್ಟರಲ್ಲಿ ಅಲಗು ಬಾಗಿತು, ಬದಲಿ ಭಾಗ ಹಾಸನದಲ್ಲಿ ಎಲ್ಲೂ ದೊರೆಯಲಿಲ್ಲ. ಅಂದು ನಮ್ಮ ಬಳಿ ಹಣವಿತ್ತು, ಉತ್ಸಾಹವಿತ್ತು, ಕೇಳಬೇಕಾದ ಪ್ರಶ್ನೆ ಮಾತ್ರ ಇರಲಿಲ್ಲ.

ಮೊದಲಿಗೆ ಮೇಳದ ಸ್ವರೂಪವನ್ನು ತಿಳಿದುಕೊಳ್ಳುವುದು ಒಳ್ಳೆಯದು. 1964ರಲ್ಲಿ ಸ್ಥಾಪನೆಯಾದ ಬೆಂಗಳೂರು ಕೃಷಿ ವಿಶ್ವವಿದ್ಯಾಲಯವು ತನ್ನ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಆವರಣದಲ್ಲಿ, ಅಂದರೆ ನಾವೆಲ್ಲ ಜಿಕೆವಿಕೆ ಎಂದು ಕರೆಯುವ ಸ್ಥಳದಲ್ಲಿ, ಸಾಮಾನ್ಯವಾಗಿ ನವೆಂಬರ್ ತಿಂಗಳಲ್ಲಿ ನಾಲ್ಕು ದಿನಗಳ ಮೇಳವನ್ನು ನಡೆಸುತ್ತದೆ. ಬಳ್ಳಾರಿ ರಸ್ತೆಯಲ್ಲಿ ಹೆಬ್ಬಾಳಕ್ಕೂ ಯಲಹಂಕಕ್ಕೂ ನಡುವೆ ಇರುವ ಈ ಆವರಣ ಸಾವಿರ ಎಕರೆಗೂ ಮೀರಿದ್ದು, ಮುಖ್ಯದ್ವಾರದಿಂದ ಮೇಳದ ಮೈದಾನಕ್ಕೇ ಸಾಕಷ್ಟು ದೂರವಿದೆ. ಒಂದು ಭಾಗದಲ್ಲಿ ಕಂಪನಿಗಳ ಮತ್ತು ಇಲಾಖೆಗಳ ಮಳಿಗೆಗಳು, ಇನ್ನೊಂದು ಭಾಗದಲ್ಲಿ ಯಂತ್ರೋಪಕರಣಗಳು, ಮತ್ತೊಂದೆಡೆ ದನ, ಕುರಿ, ಕೋಳಿ, ಮೀನು, ಜೇನು, ರೇಷ್ಮೆ, ವೇದಿಕೆಯಲ್ಲಿ ಹೊಸ ತಳಿಗಳ ಬಿಡುಗಡೆ ಮತ್ತು ಸಾಧಕ ರೈತರ ಸನ್ಮಾನ, ಇವೆಲ್ಲದರ ಆಚೆಗೆ ವಿಶ್ವವಿದ್ಯಾಲಯದವರು ತಿಂಗಳುಗಳ ಮೊದಲೇ ಬಿತ್ತಿ ಬೆಳೆಸಿದ ಪ್ರಾತ್ಯಕ್ಷಿಕೆ ತಾಕುಗಳು. ಜನರ ನೂಕುನುಗ್ಗಲು ಮಳಿಗೆಗಳ ಸಾಲಿನಲ್ಲಿ ಹೆಚ್ಚು. ಆದರೆ ರೈತ ಕುಟುಂಬಕ್ಕೆ ಮೇಳದ ತಿರುಳು ಇರುವುದು ತಾಕುಗಳಲ್ಲಿ.

ಯಾವ ದಿನ ಹೋಗಬೇಕೆಂಬುದನ್ನು ಶಾಲೆಯ ರಜೆಗಿಂತ ನಿಮ್ಮ ಹೊಲ ಮತ್ತು ಕೊಟ್ಟಿಗೆ ನೋಡಿ ತೀರ್ಮಾನಿಸಿ. ನವೆಂಬರ್ ಎಂದರೆ ನಮ್ಮ ಕಡೆ ರಾಗಿ ಕೊಯ್ಲಿನ ಕಾಲ, ಅರೇಬಿಕಾ ಕಾಫಿ ಹಣ್ಣಾಗತೊಡಗುವ ಕಾಲ. ಆಳು ಸಿಕ್ಕ ದಿನವನ್ನು ಬಿಟ್ಟು ಹೊರಡುವುದು ಜಾಣತನವಲ್ಲ. ವಾರದ ಕೊನೆಯ ಎರಡು ದಿನಗಳಲ್ಲಿ ಬೆಂಗಳೂರಿನ ನಗರವಾಸಿಗಳೂ ದೊಡ್ಡ ಸಂಖ್ಯೆಯಲ್ಲಿ ಬರುವುದರಿಂದ ಮಗುವಿನ ಕೈ ಹಿಡಿದು ನಿಂತು ಒಂದು ಮಾತು ಕೇಳುವುದೂ ಕಷ್ಟವಾಗುತ್ತದೆ. ಹಾಗಾಗಿ ಶಾಲೆಗೆ ಒಂದು ದಿನ ರಜೆ ಕೇಳಿಯಾದರೂ ಮೇಳದ ಮೊದಲ ಅಥವಾ ಎರಡನೆಯ ದಿನ ಹೋಗುವುದೇ ಲೇಸು ಎಂಬುದು ನನ್ನ ಅಭಿಪ್ರಾಯ. ಎರಡು ಹಸು ಕರೆಯುತ್ತಿವೆ ಎಂದಿದ್ದೀರಿ. ಬೆಳಗಿನ ಮತ್ತು ಸಂಜೆಯ ಹಾಲನ್ನು ಕರೆದು ಡೇರಿಗೆ ಹಾಕಲು ಪಕ್ಕದ ಮನೆಯವರನ್ನು ಒಪ್ಪಿಸುವುದಾದರೆ, ನೀವು ಹೊರಡುವ ದಿನಕ್ಕೆ ಎರಡು ದಿನ ಮುಂಚೆಯೇ ಅವರು ಬಂದು ನಿಮ್ಮ ಎದುರಿಗೇ ಒಂದೆರಡು ಹೊತ್ತು ಹಾಲು ಕರೆಯಲಿ. ಹೊಸ ಕೈಗೆ ಹಸು ಸೊರೆ ಬಿಡದಿದ್ದರೆ ಹಾಲು ಕೆಚ್ಚಲಲ್ಲೇ ಉಳಿದು ಕೆಚ್ಚಲು ಬಾವು ಬರಲು ದಾರಿಯಾಗುತ್ತದೆ.

ಹಾಸನದಿಂದ ಬೆಂಗಳೂರಿಗೆ ಚನ್ನರಾಯಪಟ್ಟಣ, ಕುಣಿಗಲ್, ನೆಲಮಂಗಲದ ಮೇಲೆ ಸುಮಾರು 185 ಕಿಲೋಮೀಟರ್. ಬೆಳಗಿನ ಜಾವ ಹೊರಟರೆ ಮಾತ್ರ ನಗರದ ವಾಹನ ದಟ್ಟಣೆಗೆ ಮೊದಲೇ ಹೆಬ್ಬಾಳ ಸೇರಬಹುದು. ಶ್ರವಣಬೆಳಗೊಳ, ಕುಣಿಗಲ್ ಮಾರ್ಗದ ರೈಲು 2017ರಲ್ಲಿ ಆರಂಭವಾದ ಮೇಲೆ ವಯಸ್ಸಾದವರೊಂದಿಗೆ ಹೋಗುವವರಿಗೆ ಅದೇ ಹೆಚ್ಚು ಹಿತ. ಯಶವಂತಪುರದಲ್ಲಿ ಇಳಿದು ನಗರ ಸಾರಿಗೆ ಬಸ್ಸಿನಲ್ಲಿ ಹೆಬ್ಬಾಳದ ಕಡೆಗೆ ಹೋಗಬಹುದು. ಬೆಂಗಳೂರಿನಲ್ಲಿ ನೆಂಟರ ಮನೆ ಇದ್ದರೆ ಹಿಂದಿನ ರಾತ್ರಿ ಅಲ್ಲಿ ತಂಗುವುದಕ್ಕೆ ಸಂಕೋಚಪಡಬೇಡಿ. ಎಂಟೂವರೆ, ಒಂಬತ್ತಕ್ಕೆ ತಾಕಿನ ಅಂಚಿನಲ್ಲಿ ನಿಂತವರಿಗೆ ಸಿಗುವ ವಿವರಣೆ ಹನ್ನೆರಡರ ಬಿಸಿಲಿನಲ್ಲಿ ತಲುಪಿದವರಿಗೆ ಸಿಗುವುದಿಲ್ಲ.

ಇನ್ನು ಪ್ರಶ್ನೆಗಳ ವಿಚಾರ. ನಿಮ್ಮ ಯಜಮಾನರ ಪ್ರಶ್ನೆ ಬಹುಶಃ ಶುಂಠಿಯದೇ ಆಗಿರುತ್ತದೆ. ನಮ್ಮ ಜಿಲ್ಲೆಯಲ್ಲಿ ಶುಂಠಿ ಹಾಕಿದ ಮನೆಯಲ್ಲಿ ಮಳೆಗಾಲ ಪೂರ್ತಿ ಅದೊಂದೇ ಮಾತು. ಸಲಹಾ ಕೇಂದ್ರದ ಮುಂದೆ ನಿಂತು “ಶುಂಠಿ ಹಳದಿಯಾಗ್ತಿದೆ, ಏನು ಹೊಡೀಬೇಕು” ಎಂದು ಕೇಳಿದರೆ ಉತ್ತರ ಕೊಡುವವರಿಗೂ ಕಷ್ಟ, ಏಕೆಂದರೆ ಹಳದಿಯಾಗಲು ಕಾರಣ ಹಲವು. ಗಡ್ಡೆ ಕೊಳೆಯಾದರೆ ಕೆಳಗಿನ ಎಲೆಗಳ ಅಂಚಿನಿಂದ ಹಳದಿ ಬಣ್ಣ ಶುರುವಾಗಿ ಮೇಲಕ್ಕೆ ಏರುತ್ತದೆ, ಕಾಂಡದ ಬುಡ ನೀರುನೀರಾಗಿ ಮೆತ್ತಗಾಗುತ್ತದೆ, ಮೆಲ್ಲಗೆ ಎಳೆದರೂ ಕಾಂಡ ಕಿತ್ತು ಕೈಗೆ ಬರುತ್ತದೆ. ದುಂಡಾಣು ಸೊರಗು ರೋಗವಾದರೆ ಎಲೆಗಳು ಸುರುಳಿ ಸುತ್ತಿಕೊಂಡು ಗಿಡ ಬೇಗನೆ ಬಾಡುತ್ತದೆ. ಅದರ ಕಾಂಡವನ್ನು ಕತ್ತರಿಸಿ ಗಾಜಿನ ಲೋಟದ ತಿಳಿನೀರಿನಲ್ಲಿ ಇಳಿಬಿಟ್ಟರೆ ಕತ್ತರಿಸಿದ ಬಾಯಿಯಿಂದ ಹಾಲಿನಂತಹ ದ್ರವ ಎಳೆಯಾಗಿ ಇಳಿಯುವುದು ಕಾಣುತ್ತದೆ. ಈ ಲೋಟದ ಪರೀಕ್ಷೆಯನ್ನು ನೀವು ಮನೆಯಲ್ಲೇ ಮಾಡಬಹುದು, ಮಾಡಿ ನೋಡಿದ್ದನ್ನು ವಿಜ್ಞಾನಿಗಳಿಗೆ ಹೇಳಬಹುದು. ಎರಡು ರೋಗಗಳಿಗೂ ಕಾರಣವಾದ ಜೀವಿಗಳೇ ಬೇರೆ. ಶಿಲೀಂಧ್ರದಂಥ ಜೀವಿಯಿಂದ ಬರುವ ಕೊಳೆಗೆ ಕೊಡುವ ಔಷಧ ದುಂಡಾಣುವಿಗೆ ತಾಗುವುದಿಲ್ಲ ಎಂಬುದನ್ನು ತಿಳಿಯದೆ ಎಷ್ಟೋ ಮನೆಗಳಲ್ಲಿ ಡ್ರಮ್ಮುಗಟ್ಟಲೆ ಔಷಧ ಮಣ್ಣುಪಾಲಾಗಿದೆ.

ಇಲ್ಲೊಂದು ತೊಡಕಿದೆ. ನವೆಂಬರ್ ಹೊತ್ತಿಗೆ ಶುಂಠಿ ಬಲಿಯತೊಡಗಿ, ರೋಗವಿಲ್ಲದ ಗಿಡದ ಎಲೆಯೂ ಸಹಜವಾಗಿ ಹಳದಿಯಾಗಲು ಆರಂಭಿಸುತ್ತದೆ. ಆದ್ದರಿಂದ ಮೇಳಕ್ಕೆ ಹೋಗುವ ಹಿಂದಿನ ದಿನ ಕಿತ್ತ ಗಿಡಕ್ಕಿಂತ, ಜುಲೈ, ಆಗಸ್ಟ್ ತಿಂಗಳ ಮಳೆಯಲ್ಲಿ ರೋಗ ಕಾಣಿಸಿಕೊಂಡಾಗಲೇ ಮೊಬೈಲಿನಲ್ಲಿ ತೆಗೆದಿಟ್ಟ ಚಿತ್ರಗಳು ಹೆಚ್ಚು ಉಪಯುಕ್ತ. ಮೊದಲು ಇಡೀ ಪಟ್ಟೆ, ಆಮೇಲೆ ಒಂದು ಬುಡ, ಕೊನೆಗೆ ಕಿತ್ತ ಗಡ್ಡೆ, ಹೀಗೆ ಮೂರು ಚಿತ್ರಗಳಿದ್ದರೆ ಸಾಕು. ಅಡಿಕೆಯದ್ದೋ ರಾಗಿಯದ್ದೋ ಎಲೆಯ ಮಾದರಿಯನ್ನು ಒಯ್ಯುವುದಾದರೆ ಹಳೆಯ ಪತ್ರಿಕೆಯ ಹಾಳೆಗಳ ನಡುವೆ ಚಪ್ಪಟೆಯಾಗಿ ಇಡಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದರೆ ಬೆವರಿ ಕೊಳೆತು, ಮೂಲ ರೋಗ ಯಾವುದು, ದಾರಿಯಲ್ಲಿ ಬಂದದ್ದು ಯಾವುದು ಎಂದು ಹೇಳಲಾಗುವುದಿಲ್ಲ. ರೋಗದ ಗಡ್ಡೆಯನ್ನಾಗಲಿ ಅದರ ಮಣ್ಣನ್ನಾಗಲಿ ಮೇಳದ ತಾಕುಗಳ ಬಳಿ ಎಸೆಯಬೇಡಿ. ಮಣ್ಣಿನ ಮಾದರಿಯನ್ನು ಒಯ್ಯುವವರು ಬದು, ತಿಪ್ಪೆ, ಮರದ ನೆರಳು ಬಿಟ್ಟು ಹೊಲದ ಎಂಟು ಹತ್ತು ಕಡೆ ಆರು ಅಂಗುಲ ಆಳದವರೆಗಿನ ಮಣ್ಣು ತೆಗೆದು, ಬೆರೆಸಿ, ನೆರಳಿನಲ್ಲಿ ಒಣಗಿಸಿ, ಅರ್ಧ ಕಿಲೋದಷ್ಟನ್ನು ಬಟ್ಟೆಯ ಚೀಲದಲ್ಲಿ ತುಂಬಿ, ಒಳಗೆ ಹೆಸರು ಮತ್ತು ಸರ್ವೆ ನಂಬರ್ ಬರೆದ ಚೀಟಿ ಇಡಬೇಕು.

ಈಗ ತಾಕುಗಳಿಗೆ ಬರೋಣ. ಬೆಳಗಿನ ಮೊದಲ ಎರಡು ಗಂಟೆಯನ್ನು ಇಡೀ ಕುಟುಂಬ ಇಲ್ಲಿಯೇ ಕಳೆಯಬೇಕೆಂದು ನಾನು ಒತ್ತಿ ಹೇಳುತ್ತೇನೆ. ಅಂಗಡಿಯಲ್ಲಿ ಬೀಜದ ಪೊಟ್ಟಣದ ಮೇಲಿನ ಚಿತ್ರ ಯಾವಾಗಲೂ ಚೆನ್ನಾಗಿಯೇ ಇರುತ್ತದೆ, ತಾಕಿನಲ್ಲಿ ನಿಂತ ಬೆಳೆಗೆ ತನ್ನ ಕುಂದನ್ನು ಮುಚ್ಚಿಕೊಳ್ಳಲು ಬರುವುದಿಲ್ಲ. ಒಂದೇ ಮಣ್ಣಿನಲ್ಲಿ, ಅಕ್ಕಪಕ್ಕದಲ್ಲಿ ನಿಂತ ನಾಲ್ಕಾರು ರಾಗಿ ತಳಿಗಳನ್ನು ನೋಡುವ ಅವಕಾಶ ನಮಗೆ ಊರಿನಲ್ಲಿ ಸಿಗುವುದಿಲ್ಲ, ಏಕೆಂದರೆ ಪಕ್ಕದ ಹೊಲದವನ ಮಣ್ಣು ಬೇರೆ, ಬಿತ್ತಿದ ದಿನ ಬೇರೆ, ಕೊಟ್ಟ ಗೊಬ್ಬರ ಬೇರೆ. ಮೇಳದ ಹೊತ್ತಿಗೆ ರಾಗಿ ತೆನೆ ಕಟ್ಟಿ ಬಲಿಯುತ್ತಿರುವುದರಿಂದ ಯಾವ ತಳಿಯ ಕಾಂಡ ಗಟ್ಟಿಯಾಗಿ ನಿಂತಿದೆ, ಯಾವುದು ಮಲಗಿದೆ, ಯಾವುದರಲ್ಲಿ ಬೆಂಕಿ ರೋಗ ಬಿದ್ದಿದೆ ಎಂಬುದು ಕಣ್ಣಿಗೇ ಕಾಣುತ್ತದೆ. ತೆನೆಯ ಕೆಳಗಿನ ಕುತ್ತಿಗೆ ಕಪ್ಪಾಗಿ ಕಾಳು ಜೊಳ್ಳಾಗುವುದು ಕುತ್ತಿಗೆ ಬೆಂಕಿ, ತೆನೆಯ ಒಂದೊಂದೇ ಇಲುಕು, ಅಂದರೆ ಬೆರಳಿನಂಥ ಕವಲು, ತುದಿಯಿಂದ ಒಣಗುತ್ತ ಬರುವುದು ಇಲುಕು ಬೆಂಕಿ. ಈ ರೋಗವನ್ನು ತಡೆದುಕೊಳ್ಳುವ ಗುಣದಿಂದಲೇ ಜಿಪಿಯು-28 ತಳಿ ನಮ್ಮ ಕಡೆ ಮನೆಮಾತಾಯಿತು.

ನಿಮ್ಮ ಪ್ರಶ್ನೆ ಇದೇ ಆಗಬಹುದು: ನಮ್ಮ ಹೊಲಕ್ಕೆ ಯಾವ ರಾಗಿ? ಹಾಗೆ ಕೇಳಿದರೆ ಅವರು ಮರುಪ್ರಶ್ನೆ ಹಾಕುತ್ತಾರೆ, ಯಾವಾಗ ಬಿತ್ತುತ್ತೀರಿ ಎಂದು. ಮುಂಗಾರು ಸಕಾಲದಲ್ಲಿ ಹಿಡಿದು ಜೂನ್, ಜುಲೈ ಮೊದಲ ಭಾಗದಲ್ಲೇ ಬಿತ್ತನೆಯಾದರೆ ಎಂಆರ್-1ರಂತಹ, ಹೆಚ್ಚು ದಿನ ತೆಗೆದುಕೊಳ್ಳುವ ತಳಿ ತಕ್ಕುದು. ಜುಲೈ ಕೊನೆಗೆ ಹೋದರೆ ಸುಮಾರು 110ರಿಂದ 115 ದಿನಗಳ ಜಿಪಿಯು-28. ಮಳೆ ಕೈಕೊಟ್ಟು ಆಗಸ್ಟ್ ಉತ್ತರಾರ್ಧಕ್ಕೆ ತಳ್ಳಿದರೆ ನೂರು ದಿನದ ಒಳಗೆ ಬರುವ ಜಿಪಿಯು-48, ಇಂಡಾಫ್-9ರಂತಹ ಅಲ್ಪಾವಧಿ ತಳಿ. ಅಂದರೆ ಕಳೆದ ಮೂರು ನಾಲ್ಕು ವರ್ಷ ನೀವು ಯಾವ ವಾರದಲ್ಲಿ ಬಿತ್ತಿದಿರಿ, ಯಾವ ವಾರದಲ್ಲಿ ಕೊಯ್ದಿರಿ, ಹುಲ್ಲು ಹಸುಗಳಿಗೆ ಸಾಕಾಯಿತೇ ಎಂಬ ನೆನಪನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗುವುದು ಅಗತ್ಯ. ಹಸು ಸಾಕಿದವರು ಇಳುವರಿಯ ಜೊತೆಗೆ ಹುಲ್ಲನ್ನೂ ಕೇಳಲೇಬೇಕು, ಗಿಡ್ಡ ತಳಿಯ ರಾಗಿ ಕಣಜ ತುಂಬಿಸಿದರೂ ಬಣವೆ ಬೆಳೆಸುವುದಿಲ್ಲ.

ಇಂಡಾಫ್ ಎಂಬ ಹೆಸರಿನ ಮುಂದೆ ಮಕ್ಕಳನ್ನು ನಿಲ್ಲಿಸಿ ಅದರ ಅರ್ಥ ಹೇಳಿ. ರಾಗಿ ಲಕ್ಷ್ಮಣಯ್ಯ ಎಂದೇ ಜನ ಕರೆದ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ಮಂಡ್ಯದ ವಿ.ಸಿ. ಫಾರಂನಲ್ಲಿ ಆಫ್ರಿಕಾದ ರಾಗಿಯನ್ನು ನಮ್ಮ ರಾಗಿಯೊಂದಿಗೆ ಸಂಕರಿಸಿ ಪಡೆದ ತಳಿಗಳವು. ಇಂಡಿಯಾ ಮತ್ತು ಆಫ್ರಿಕಾ ಎರಡೂ ಆ ಒಂದು ಹೆಸರಿನಲ್ಲಿ ಸೇರಿವೆ. ರಾಗಿಯ ಹೂವು ಕಣ್ಣಿಗೆ ಕಾಣದಷ್ಟು ಸಣ್ಣದು, ಅದು ತನ್ನೊಳಗೇ ಪರಾಗಸ್ಪರ್ಶ ಮಾಡಿಕೊಳ್ಳುವ ಬೆಳೆ. ಅಂಥ ಹೂವನ್ನು ಬಿಡಿಸಿ ಮತ್ತೊಂದರ ಪರಾಗ ಸೇರಿಸುವ ಕೆಲಸಕ್ಕೆ ಎಷ್ಟು ತಾಳ್ಮೆ ಬೇಕೆಂಬುದನ್ನು ತೆನೆ ಕೈಯಲ್ಲಿ ಹಿಡಿದ ಹುಡುಗನಿಗೆ ಬೇರೆ ಮಾತಿನಿಂದ ವಿವರಿಸಬೇಕಾಗಿಲ್ಲ. ಹನ್ನೊಂದರ ಮಗುವಿಗೆ ಇಲ್ಲಿಯೇ ಒಂದು ಕೆಲಸ ಕೊಡಬಹುದು. ಐದು ತಳಿಗಳ ಮುಂದೆ ನಿಂತು, ತೆನೆಯನ್ನು ಕೀಳದೆ, ಒಂದೊಂದರಲ್ಲಿ ಎಷ್ಟು ಇಲುಕುಗಳಿವೆ, ತೆನೆ ಮುಷ್ಟಿಯಂತೆ ಮಡಿಚಿದೆಯೇ ಅಥವಾ ಬಿಚ್ಚಿಕೊಂಡಿದೆಯೇ ಎಂದು ಪುಸ್ತಕದಲ್ಲಿ ಬರೆದುಕೊಳ್ಳಲಿ. ಆ ಪುಟ ನಿಮಗೇ ಮುಂದೆ ಕೆಲಸಕ್ಕೆ ಬರುತ್ತದೆ.

ನಿಮ್ಮ ಅತ್ತೆಯವರ ವಿಷಯ. ಹಿರಿಯರನ್ನು ಮೇಳಕ್ಕೆ ಕರೆದೊಯ್ಯುವುದೆಂದರೆ ಅವರಿಗೆ ತೋರಿಸಿಕೊಂಡು ಬರುವುದು ಎಂದು ನಾವು ತಿಳಿದಿರುತ್ತೇವೆ, ಆದರೆ ಬೀಜ, ಕಾಳು, ಸೊಪ್ಪುಗಳ ಮುಂದೆ ನಿಂತಾಗ ನಮಗೆ ತೋರಿಸುವವರು ಅವರೇ ಆಗುತ್ತಾರೆ. ಅವರಿಗೆ ಅವರೆಯ ತಾಕನ್ನು ಮೀಸಲಿಡಿ. ನಮ್ಮ ನಾಟಿ ಅವರೆ ಹಗಲು ಕಿರಿದಾಗುತ್ತ ಬಂದ ಮೇಲೆ ಮಾತ್ರ ಹೂ ಬಿಡುವ ಬೆಳೆ. ಅದಕ್ಕೇ ಯಾವಾಗ ಬಿತ್ತಿದರೂ ಕಾಯಿ ಬರುವುದು ಚಳಿಗಾಲದಲ್ಲೇ. ಹೆಬ್ಬಾಳ ಅವರೆ-3 ಮತ್ತು ಹೆಬ್ಬಾಳ ಅವರೆ-4 ಹಗಲಿನ ಉದ್ದವನ್ನು ಕಾಯದೆ ವರ್ಷದ ಯಾವ ಕಾಲದಲ್ಲಾದರೂ ಕಾಯಿ ಕೊಡುವಂತೆ ರೂಪಿಸಿದ ತಳಿಗಳು. ಬೇಸಿಗೆಯಲ್ಲೂ ಅವರೆಕಾಯಿ ಬೆಳೆಯಬಹುದೆಂಬುದು ಬೆಳೆಗಾರರಿಗೆ ದೊಡ್ಡ ಅನುಕೂಲ. ಆದರೆ ಇಬ್ಬನಿ ಬಿದ್ದ ನಾಟಿ ಅವರೆಯ ಸೊಗಡು ಅದರಲ್ಲಿದೆಯೇ ಎಂಬ ಪ್ರಶ್ನೆಯನ್ನು ವಿಜ್ಞಾನಿಗಳ ಎದುರು ಕೇಳಲು ಅರವತ್ತೆಂಟು ವರ್ಷದ ಮೂಗಿಗಿಂತ ಯೋಗ್ಯವಾದದ್ದು ಬೇರೆ ಇಲ್ಲ. ನಮ್ಮ ತಾಯಿಯವರು ಒಮ್ಮೆ ಇಂಥದೇ ತಾಕಿನಲ್ಲಿ ಒಂದು ಎಲೆಯನ್ನು ಮುರಿದು ಮೂಸಿ, ಹಿಂದೆ ತಮ್ಮ ತವರಿನಲ್ಲಿದ್ದ ಅವರೆಯ ಬಗೆಯೊಂದನ್ನು ವರ್ಣಿಸತೊಡಗಿದಾಗ, ಅಲ್ಲಿದ್ದ ಯುವ ಸಂಶೋಧಕಿ ಪುಸ್ತಕ ತೆಗೆದು ಬರೆದುಕೊಂಡದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮನೆಯಲ್ಲಿ ಹಳೆಯ ಬೀಜವೇನಾದರೂ ಬೂದಿಯಲ್ಲಿಟ್ಟು ಕಾಪಾಡಿದ್ದರೆ ಒಂದು ಹಿಡಿಯನ್ನು ಅವರ ಸಂಚಿಯಲ್ಲಿ ಇಟ್ಟುಕೊಳ್ಳಲು ಹೇಳಿ.

ತಾಕು ಮುಗಿದ ಮೇಲೆ ಅವರಿಗೆ ಕುಳಿತುಕೊಳ್ಳಲು ನೆರಳು ಬೇಕು, ಊಟದ ಹೊತ್ತು ತಪ್ಪಬಾರದು, ಮಾತ್ರೆಗಳು ನಿಮ್ಮ ಕೈಚೀಲದಲ್ಲಲ್ಲ, ಅವರದರಲ್ಲೇ ಇರಬೇಕು. ಮೇಳದಲ್ಲಿ ರಿಯಾಯಿತಿ ದರದ ಊಟದ ವ್ಯವಸ್ಥೆ ಇರುತ್ತದೆ, ಆದರೆ ಸರದಿ ಉದ್ದ. ಹನ್ನೆರಡು ಗಂಟೆಗೇ ಹೋಗಿ ನಿಲ್ಲಿ, ಇಲ್ಲವೇ ಮನೆಯಿಂದ ಚಿತ್ರಾನ್ನವನ್ನೋ ರೊಟ್ಟಿಯನ್ನೋ ಕಟ್ಟಿಕೊಂಡು ಹೋಗಿ. ನೀರು ಮಾತ್ರ ಮನೆಯಿಂದಲೇ ಒಯ್ಯಿರಿ.

ಏಳರ ಮಗುವಿಗೆ ದನಕರುಗಳ ವಿಭಾಗ ಸಾಕು. ಉದ್ದವಾಗಿ ಹಿಂದಕ್ಕೆ ಬಾಗಿದ ಕೊಂಬಿನ ಹಳ್ಳಿಕಾರ್ ಎತ್ತು, ಸೊಂಟದೆತ್ತರದ ಮಲೆನಾಡು ಗಿಡ್ಡ, ಗುಜ್ಜಾಗಿ ಮೈತುಂಬಿದ ಬಂಡೂರು ಕುರಿ, ಇವುಗಳ ಮುಂದೆ ಅದು ಎಷ್ಟು ಹೊತ್ತಾದರೂ ನಿಂತೀತು, ಅವಸರ ಮಾಡಬೇಡಿ. ಅಮೃತ ಮಹಲ್ ರಾಸು ಕಂಡರೆ ಅದರ ಕಥೆ ನಮ್ಮ ಜಿಲ್ಲೆಯದೂ ಹೌದು ಎಂದು ಹೇಳಿ. ಅರಮನೆಯ ರಾಸುಗಳನ್ನು ನೋಡಿಕೊಳ್ಳುತ್ತಿದ್ದ, ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ ಎಂಬ ಇಲಾಖೆ ಟಿಪ್ಪುವಿನ ಕಾಲದಲ್ಲಿ ಅಮೃತ ಮಹಲ್ ಎಂಬ ಹೆಸರು ಪಡೆಯಿತು, ಆ ರಾಸುಗಳು ಮೇಯಲೆಂದು ಮೀಸಲಿಟ್ಟ ಹುಲ್ಲುಗಾವಲುಗಳೇ ಕಾವಲುಗಳು. ಹಾಸನ, ಚಿಕ್ಕಮಗಳೂರು ಸೀಮೆಯ ಅನೇಕ ಊರುಗಳ ಹೆಸರಿನ ಕೊನೆಯಲ್ಲಿ ಆ ಮಾತು ಇಂದಿಗೂ ಉಳಿದಿದೆ, ತಳಿ ಸಂವರ್ಧನಾ ಕೇಂದ್ರವೂ ನಮಗೆ ಸಮೀಪದ ಅಜ್ಜಂಪುರದಲ್ಲೇ ಇದೆ. ಮನೆಯ ಹಸುವಿನ ಸಲಿಗೆಯಲ್ಲಿ ಬೆಳೆದ ಮಗು ಅಪರಿಚಿತ ರಾಸುವಿನ ಹಿಂಬದಿಗೆ ನುಗ್ಗದಂತೆ, ಚಾಲನೆಯಲ್ಲಿರುವ ಮೇವು ಕತ್ತರಿಸುವ ಯಂತ್ರದ ಬಳಿ ಕೈ ಚಾಚದಂತೆ ಒಬ್ಬರು ಕಣ್ಣಿಟ್ಟಿರಲೇಬೇಕು. ಲಕ್ಷಗಟ್ಟಲೆ ಜನ ಸೇರುವ ಕಡೆ ಮೊಬೈಲ್ ಕರೆಗಳು ಹೋಗದಿರುವುದೇ ಹೆಚ್ಚು. ಒಳಗೆ ಕಾಲಿಟ್ಟ ಕೂಡಲೇ ಎಲ್ಲರಿಗೂ ಕಾಣುವ ಒಂದು ಮರವನ್ನೋ ಕಟ್ಟಡವನ್ನೋ ಗೊತ್ತುಮಾಡಿ, ಇಂಥ ಗಂಟೆಗೆ ಎಲ್ಲಿದ್ದರೂ ಅಲ್ಲಿಗೆ ಬರಬೇಕು ಎಂದು ಹೇಳಿ, ಮಕ್ಕಳ ಜೇಬಿನಲ್ಲಿ ಮನೆಯವರಿಬ್ಬರ ಫೋನ್ ಸಂಖ್ಯೆ ಬರೆದ ಚೀಟಿ ಇಡಿ.

ಮಳಿಗೆಗಳ ಸಾಲಿಗೆ ಮಧ್ಯಾಹ್ನದ ಮೇಲೆ ಹೋಗಿ, ಅದೂ ನೋಡಲಿಕ್ಕೆ, ಬೆಲೆ ಬರೆದುಕೊಳ್ಳಲಿಕ್ಕೆ. ಯಂತ್ರವನ್ನು ಅಂದೇ ಕೊಳ್ಳಬೇಡಿ ಎಂದು ನಾನು ಹೇಳುವುದಕ್ಕೆ ನಮ್ಮ ಕಳೆ ಯಂತ್ರವೊಂದೇ ಕಾರಣವಲ್ಲ. ಕೃಷಿ ಯಾಂತ್ರೀಕರಣ ಯೋಜನೆಯ ಸಹಾಯಧನ ದೊರೆಯುವುದು ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಅರ್ಜಿ ಕೊಟ್ಟು, ಇಲಾಖೆ ಒಪ್ಪಿದ ತಯಾರಕರಿಂದ, ಕ್ರಮ ಪ್ರಕಾರ ಪಡೆದ ಯಂತ್ರಕ್ಕೆ. ಮಳಿಗೆಯಲ್ಲಿ ಕೈಯಾರೆ ಹಣ ಕೊಟ್ಟು ತಂದ ಯಂತ್ರದ ರಸೀದಿ ಹಿಡಿದು ಆಮೇಲೆ ಹೋದರೆ ಅದು ನಡೆಯುವುದಿಲ್ಲ. ಮೇಳದಲ್ಲಿ ಕೇಳಬೇಕಾದದ್ದು ಬೇರೆ: ಹಾಸನದಲ್ಲಿ ಇದನ್ನು ರಿಪೇರಿ ಮಾಡುವವರು ಯಾರು, ಅಲಗು, ಬೆಲ್ಟು, ಸ್ಪಾರ್ಕ್ ಪ್ಲಗ್ ಎಲ್ಲಿ ಸಿಗುತ್ತವೆ, ನಮ್ಮ ತಾಲೂಕಿನಲ್ಲಿ ಈಗಾಗಲೇ ಬಳಸುತ್ತಿರುವ ರೈತರೊಬ್ಬರ ಊರು ಹೇಳುವಿರಾ? ಕೊನೆಯ ಪ್ರಶ್ನೆಗೆ ಉತ್ತರ ಬಂದರೆ ಆ ಹೊಲಕ್ಕೆ ಹೋಗಿ ಯಂತ್ರ ಓಡುವುದನ್ನು ನೋಡಿದ ಮೇಲೆ ಮುಂದಿನ ಮಾತು. ಯಂತ್ರವನ್ನು ಎತ್ತಿ, ತಿರುಗಿಸಿ, ನೀವೂ ಹಿಡಿದು ನೋಡಿ. ಮನೆಯಲ್ಲಿ ಕಳೆ ತೆಗೆಯುವವರು ಹೆಚ್ಚಾಗಿ ಹೆಂಗಸರು, ಪರೀಕ್ಷಿಸಲು ಮುಂದೆ ನಿಲ್ಲುವವರು ಗಂಡಸರು ಎಂಬ ರೂಢಿ ಸರಿಯಲ್ಲ.

ಬೀಜ ಕೊಳ್ಳುವುದಾದರೆ ವಿಶ್ವವಿದ್ಯಾಲಯದ ಬೀಜ ಮಾರಾಟ ಕೇಂದ್ರದಲ್ಲೇ ಕೊಳ್ಳಿ, ಚೀಲಕ್ಕೆ ಹೊಲಿದ ಚೀಟಿಯನ್ನು ದೊಡ್ಡ ಮಗುವಿನ ಕೈಯಲ್ಲಿ ಓದಿಸಿ. ನೀಲಿ ಚೀಟಿ ಇದ್ದರೆ ಪ್ರಮಾಣಿತ ಬೀಜ, ಬಿಳಿ ಇದ್ದರೆ ಅದಕ್ಕೂ ಹಿಂದಿನ ಹಂತದ ಮೂಲ ಬೀಜ, ತಿಳಿಹಸಿರು ಇದ್ದರೆ ಮಾರುವವರು ತಮ್ಮ ಹೊಣೆಯಲ್ಲಿ ಗುಣಮಟ್ಟ ಬರೆದ ಬೀಜ. ಚೀಟಿಯಲ್ಲಿ ಮೊಳಕೆಯ ಪ್ರಮಾಣ, ಪರೀಕ್ಷೆಯಾದ ದಿನ, ಅವಧಿ ಮುಗಿಯುವ ದಿನ ಇರುತ್ತವೆ. ಪ್ರಮಾಣಿತ ಬೀಜದ ಅವಧಿ ಪರೀಕ್ಷೆಯಾದ ದಿನದಿಂದ ಒಂಬತ್ತು ತಿಂಗಳು. ನೀವು ನವೆಂಬರಿನಲ್ಲಿ ಕೊಂಡದ್ದನ್ನು ಬಿತ್ತುವುದು ಜೂನ್, ಜುಲೈನಲ್ಲಿ. ನಡುವೆ ಏಳೆಂಟು ತಿಂಗಳು ಕಳೆಯುವುದರಿಂದ ಅವಧಿ ಬಿತ್ತನೆಗೆ ಮೊದಲೇ ಮುಗಿಯುವ ಚೀಲವನ್ನು ಅಲ್ಲೇ ಬಿಟ್ಟು ಬನ್ನಿ.

ಇಷ್ಟು ದೂರದ ಪ್ರಯಾಣ ಅತ್ತೆಯವರಿಗೆ ಆಗದು ಎನಿಸಿದರೆ ಹತ್ತಿರದಲ್ಲೂ ಅವಕಾಶಗಳಿವೆ. ಕಂದಲಿಯ ಕೃಷಿ ವಿಜ್ಞಾನ ಕೇಂದ್ರ ಮತ್ತು ಕಾರೇಕೆರೆಯ ಕೃಷಿ ಮಹಾವಿದ್ಯಾಲಯ ನಿಮಗೆ ಒಂದು ಗಂಟೆಯ ದಾರಿಯೂ ಅಲ್ಲ, ಕ್ಷೇತ್ರೋತ್ಸವದ ದಿನಗಳಲ್ಲಿ ಅಲ್ಲಿ ನಿಂತು ಮಾತನಾಡಲು ಮೇಳಕ್ಕಿಂತ ಹೆಚ್ಚು ಬಿಡುವು ಇರುತ್ತದೆ. ಮಕ್ಕಳಿಗೆ ರಾಸು ತೋರಿಸುವುದೇ ಮುಖ್ಯವಾದರೆ ಷಷ್ಠಿಯ ಹೊತ್ತಿನ ರಾಮನಾಥಪುರದ ಜಾತ್ರೆ, ಜನವರಿಯ ಬೂಕನಬೆಟ್ಟದ ಜಾತ್ರೆ ಇವೆ. ಚಿಕ್ಕಮಗಳೂರಿನ ಓದುಗರಿಗೆ ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯವೂ ಮೂಡಿಗೆರೆಯ ಕೃಷಿ ವಿಜ್ಞಾನ ಕೇಂದ್ರವೂ ಹತ್ತಿರ. ಕಾಫಿಯ ಪ್ರಶ್ನೆ ಇರುವವರು ಅದನ್ನು ಜಿಕೆವಿಕೆಗೆ ಹೊತ್ತುಕೊಂಡು ಹೋಗುವ ಅಗತ್ಯವೇ ಇಲ್ಲ, ಬಿಳಿ ಕಾಂಡಕೊರಕದ ಬಗ್ಗೆ ಬಾಳೆಹೊನ್ನೂರಿನ ಕೇಂದ್ರ ಕಾಫಿ ಸಂಶೋಧನಾ ಸಂಸ್ಥೆಯವರಿಗೆ ಗೊತ್ತಿರುವಷ್ಟು ಬೇರೆಡೆ ಗೊತ್ತಿರಲಾರದು.

ಹೋಗಿ ಬಂದ ರಾತ್ರಿ ಎಲ್ಲರೂ ದಣಿದಿರುತ್ತೀರಿ, ಆದರೂ ಮಲಗುವ ಮೊದಲು ಹತ್ತು ನಿಮಿಷ ಕುಳಿತು ಐದು ಜನರ ಉತ್ತರಗಳನ್ನು ಒಂದೇ ಪುಸ್ತಕದಲ್ಲಿ ಬರೆದುಬಿಡಿ, ಮಾತನಾಡಿದ ವಿಜ್ಞಾನಿಗಳ ವಿಭಾಗವನ್ನೂ ಬರೆದಿಟ್ಟುಕೊಳ್ಳಿ. ಹೊಸ ರಾಗಿ ತಳಿ ತಂದಿದ್ದರೆ ಅದನ್ನು ಇಡೀ ಹೊಲಕ್ಕೆ ಹಾಕಬೇಡಿ. ಕೂರಿಗೆ ಬಿತ್ತನೆಗೆ ಎಕರೆಗೆ ಸುಮಾರು 5 ಕಿಲೋ ಬೀಜ ಹಿಡಿಯುವುದರಿಂದ ಐದು ಗುಂಟೆಗೆ ಮುಕ್ಕಾಲು ಕಿಲೋ ಕೂಡ ಬೇಕಾಗುವುದಿಲ್ಲ. ನಿಮ್ಮ ಈಗಿನ ತಳಿಯ ಪಕ್ಕದಲ್ಲೇ, ಅದೇ ದಿನ, ಅದೇ ಗೊಬ್ಬರ ಕೊಟ್ಟು ಅಷ್ಟನ್ನೇ ಬಿತ್ತಿ, ನಡುವೆ ಗುರುತಿಗೆ ಒಂದು ಗೂಟ ನೆಡಿ. ತೆನೆ ಬಂದಾಗ ದೊಡ್ಡ ಮಗು ಮೇಳದಲ್ಲಿ ಬರೆದ ಪುಟವನ್ನು ತೆಗೆದುಕೊಂಡು ಹೋಗಿ ಎರಡೂ ಕಡೆಯ ಇಲುಕುಗಳನ್ನು ಎಣಿಸಲಿ, ಕೊಯ್ಲಾದ ಮೇಲೆ ಎರಡನ್ನೂ ಬೇರೆ ಬೇರೆ ತೂಗಿ, ಎರಡರ ಹಿಟ್ಟನ್ನೂ ಬೇರೆ ಬೇರೆ ಬೀಸಿಸಿ ಮುದ್ದೆ ಮಾಡಿ ಅತ್ತೆಯವರ ಮುಂದಿಡಿ. ಅದರ ಮುಂದಿನ ವರ್ಷ ಯಾವುದನ್ನು ಬಿತ್ತಬೇಕೆಂದು ಅವರು ಹೇಳುತ್ತಾರೆ.